ನನ್ನ ಎದೆ, ಸೆಲ್ವರಾಜನ ತ್ಯಾಗ

ಮನುಷ್ಯ ಒಂದು ಚಟ ಹತ್ತಿಸಿಕೊಳ್ಳುವಾಗ ಯಾರೂ ಕಾರಣ ಕೇಳುವುದಿಲ್ಲ, ಬಿಡುವಾಗ ಮಾತ್ರ ಊರೆಲ್ಲ ಕೇಳುತ್ತದೆ. ನಾನು ಕಾಲೇಜಿನ ಕಾಂಪೌಂಡಿನ ಹಿಂದೆ ಮೊದಲ ಸಿಗರೇಟು ಹಚ್ಚಿ, ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಗ ಪಕ್ಕದಲ್ಲಿದ್ದವರು ಬೆನ್ನು ತಟ್ಟಿ, 'ಅಭ್ಯಾಸ ಆಗುತ್ತೆ ಬಿಡು' ಎಂದು ಧೈರ್ಯ ಹೇಳಿದರೇ ಹೊರತು ಯಾಕೆ ಎಂದು ಕೇಳಲಿಲ್ಲ. ಅವರ ಮಾತಿನಂತೆ ಅಭ್ಯಾಸ ಆಯಿತು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಅಭ್ಯಾಸವನ್ನು ನಾನು ನಿಷ್ಠೆಯಿಂದ ನಡೆಸಿಕೊಂಡು ಬಂದೆ. ಬೇರೆ ಯಾವ ವಿಷಯದಲ್ಲೂ ನನ್ನಲ್ಲಿ ಅಂಥ ನಿಷ್ಠೆ ಇದ್ದದ್ದನ್ನು ನನ್ನ ಹೆಂಡತಿ ರತ್ನ ಕಂಡಿಲ್ಲವಂತೆ.

ನಮ್ಮ ಕಡೆ ಗಂಡಸು ಸಿಗರೇಟು ಬಿಡುವುದಕ್ಕೆ ಎಲ್ಲರೂ ಒಪ್ಪುವ ಕಾರಣಗಳು ಎರಡೇ. ಒಂದು, ಅಯ್ಯಪ್ಪನ ಮಾಲೆ. ಚಳಿ ಶುರುವಾಗುತ್ತಿದ್ದಂತೆ ಕಪ್ಪು ಪಂಚೆ ಉಟ್ಟು ಮಾಲೆ ಹಾಕಿದವನಿಗೆ ಸಿಗರೇಟೂ ಇಲ್ಲ, ಚಪ್ಪಲಿಯೂ ಇಲ್ಲ. ನಿನ್ನೆಯವರೆಗೆ 'ಲೇ' ಎನ್ನುತ್ತಿದ್ದವರೆಲ್ಲ 'ಸ್ವಾಮಿ' ಎನ್ನುತ್ತಾರೆ. ಬೆಟ್ಟದಿಂದ ಇಳಿದು ಬಂದು ಮಾಲೆ ತೆಗೆದ ಮೇಲೆ ಸ್ವಾಮಿಯೂ ಹೋಗುತ್ತಾನೆ, ಸಿಗರೇಟೂ ಬರುತ್ತದೆ, ಯಾರಿಗೂ ಬೇಜಾರಿಲ್ಲ. ಎರಡನೆಯ ಕಾರಣ, ಎದೆನೋವು. ಇದರಲ್ಲಿ ಕಪ್ಪು ಪಂಚೆ ಇಲ್ಲ, ಅಷ್ಟೇ ವ್ಯತ್ಯಾಸ. ನಾನು ಬಿಟ್ಟದ್ದು ಮಾವಿನ ಹಣ್ಣಿನ ಕಾಲದಲ್ಲಿ. ಕೊರಳಲ್ಲಿ ಮಾಲೆ ಇರಲಿಲ್ಲ. ಆದ್ದರಿಂದ ನೋಡಿದವರೆಲ್ಲ ನನ್ನ ಕೊರಳು ಬಿಟ್ಟು ಎದೆಯ ಕಡೆ ನೋಡತೊಡಗಿದರು. ಮೂರನೆಯ ಕಾರಣ ಒಂದು ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಆ ಮೂರನೆಯ ಕಾರಣದ ಹೆಸರು ಸೆಲ್ವರಾಜ. ಬಂಗಾರಪೇಟೆಯ ಹಾಲು ತಂಪು ಮಾಡುವ ಕೇಂದ್ರವೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೇವೆ. ಹಳ್ಳಿಗಳಿಂದ ಬಂದ ಕ್ಯಾನುಗಳ ಮುಚ್ಚಳ ತೆಗೆದು, ಹಾಲನ್ನು ಮೂಸಿ, ನೋಡಿ, ಒಳ್ಳೆಯದು ಕೆಟ್ಟದ್ದು ಹೇಳುವವನು ನಾನು; ಹಾಲು ತಂಪು ಮಾಡುವ ಯಂತ್ರ ನೋಡಿಕೊಳ್ಳುವವನು ಅವನು. ಅವನು ಊರಿಗಾಮಿನ ಚಿನ್ನದ ಗಣಿಯ ಸಾಲುಮನೆಗಳ ಲೈನಿನಲ್ಲೇ ಹುಟ್ಟಿ ಬೆಳೆದವನು, ನಾನು ಹಳ್ಳಿಯಿಂದ ಬಂದು ಆಂಡರ್ಸನ್‌ಪೇಟೆಯಲ್ಲಿ ಮನೆ ಮಾಡಿದವನು. ಬೆಳಿಗ್ಗೆ ಊರಿಗಾಂ ಸ್ಟೇಷನ್ನಿನಲ್ಲಿ ಒಟ್ಟಿಗೆ ರೈಲು ಹತ್ತುತ್ತೇವೆ, ಸಂಜೆ ಒಟ್ಟಿಗೆ ಇಳಿಯುತ್ತೇವೆ. ಅವನು ಮನೆಯಲ್ಲಿ ತಮಿಳು, ನನ್ನೊಡನೆ ಕನ್ನಡ, ಹಾಲಿನವರೊಡನೆ ತೆಲುಗು ಮಾತಾಡುತ್ತಾನೆ. ಯಂತ್ರ ಕೈಕೊಟ್ಟಾಗ ಮೂರರಲ್ಲೂ ಬೈಯುತ್ತಾನೆ. ಕನ್ನಡ ಓದಲು ಮಾತ್ರ ಬರುವುದಿಲ್ಲ. ಆ ಧೈರ್ಯದ ಮೇಲೆಯೇ ನಾನು ಇದನ್ನು ಬರೆಯಲು ಕೂತಿದ್ದೇನೆ. ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಒಂದು ಏರ್ಪಾಡಿತ್ತು. ಸಿಗರೇಟು ನನ್ನ ಜೇಬಿನಲ್ಲಿ, ಬೆಂಕಿಪೊಟ್ಟಣ ಅವನ ಜೇಬಿನಲ್ಲಿ. ಒಬ್ಬರನ್ನು ಬಿಟ್ಟು ಒಬ್ಬರು ಸೇದಬಾರದೆಂಬ ಈ ಏರ್ಪಾಡಿನಿಂದ ಚಟ ಕಡಿಮೆಯಾಗುತ್ತದೆ ಎಂದು ಯಾವಾಗಲೋ ನಾವೇ ಕಂಡುಹಿಡಿದಿದ್ದೆವು. ಆದದ್ದೇನೆಂದರೆ, ಒಬ್ಬನಿಗೆ ಆಸೆಯಾದಾಗಲೆಲ್ಲ ಇಬ್ಬರೂ ಸೇದಬೇಕಾಯಿತು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ನಾವು ಮೇಲ್ಸೇತುವೆ ಹತ್ತಿ ಆಚೆ ಹೋಗಬೇಕು. ಒಂದು ದಿನ ಸೆಲ್ವರಾಜ ಮೆಟ್ಟಿಲಿನ ನಡುವೆ ನಿಂತು, ಕಂಬಿ ಹಿಡಿದು, "ಆ ಗೂಡ್ಸ್ ಗಾಡಿ ನೋಡು ಮಚ್ಚಾ, ಎಷ್ಟ್ ಉದ್ದ ಐತೆ" ಎಂದ. ನೋಡಿದೆ, ಉದ್ದವಾಗಿಯೇ ಇತ್ತು. ಮಾರನೆಯ ದಿನವೂ ಅಲ್ಲೇ ನಿಂತು ಇನ್ನೊಂದು ಗೂಡ್ಸ್ ತೋರಿಸಿದ. ಅದರ ಮರುದಿನ ಹಳಿಯ ಮೇಲೆ ಏನೂ ಇರಲಿಲ್ಲ, ಆದರೂ ನಿಂತ. "ಈಗ ಏನ್ ನೋಡ್ತಿದ್ಯಾ?" ಎಂದು ಕೇಳಿದೆ. "ಹಳಿ" ಎಂದ. ಅಷ್ಟು ಹೇಳುವುದಕ್ಕೇ ಅವನು ಎರಡು ಸಲ ಉಸಿರು ಎಳೆದುಕೊಂಡದ್ದನ್ನು ನಾನು ನೋಡಿದೆ. ಹಾಲಿನಲ್ಲಿ ನೀರು ಬೆರೆತದ್ದನ್ನು ಕಂಡುಹಿಡಿಯುವ ಕೆಲಸದವನು ಗೆಳೆಯನ ಏದುಸಿರು ಕಂಡುಹಿಡಿಯಲು ಮೂರು ದಿನ ತೆಗೆದುಕೊಂಡೆ.

ಅವತ್ತು ಮಧ್ಯಾಹ್ನ ಕೇಂದ್ರದ ಹಿಂದಿನ ಹೊಂಗೆಮರದ ಕೆಳಗೆ, ನಮ್ಮ ಸೇದುವ ಜಾಗದಲ್ಲಿ, ಅವನು ಬಾಯಿ ಬಿಟ್ಟ. ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದಿದ್ದನಂತೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಸಿಗರೇಟು ಇವತ್ತೇ ಬಿಟ್ರೆ ಸರಿಹೋಗ್ತೀಯ. ಬಿಡದಿದ್ರೆ ಇನ್ನೊಂದ್ ಸಲ ನೀನಾಗಿ ಬರಲ್ಲ, ನಿನ್ನ ಎತ್ಕೊಂಡ್ ಬರ್ತಾರೆ" ಅಂದರಂತೆ. ಮನೆಯಲ್ಲಿ ಹೇಳುವ ಹಾಗಿಲ್ಲ. ಅವನ ಮಗಳು ಮಲರ್‌ಗೆ ಕುಪ್ಪಂ ಕಡೆಯ ಸಂಬಂಧವೊಂದು ಮಾತಿನಲ್ಲಿತ್ತು. ಹುಡುಗಿಯ ಅಪ್ಪನಿಗೆ ಎದೆ ಸರಿಯಿಲ್ಲ ಎಂದು ಕಿವಿಗೆ ಬಿದ್ದರೆ ಅವರು ಹಿಂದೆ ಸರಿದಾರು ಎಂಬ ಹೆದರಿಕೆ. "ಯಾರ್ಗೂ ಹೇಳ್ಬೇಡ ಮಚ್ಚಾ. ಬಿಟ್ಬಿಡ್ತೀನಿ. ಆದ್ರೆ ನೀನು ಹಚ್ಚಿದ್ರೆ ನನ್ ಕೈ ಸುಮ್ನಿರಲ್ಲ" ಎಂದು ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟ.

ಇಂಥ ಕ್ಷಣದಲ್ಲಿ ನಾನು ದೊಡ್ಡ ಮನಸ್ಸು ಮಾಡಿದೆ ಎಂದು ಬರೆಯಬಹುದಿತ್ತು. ಆದರೆ ಮೊದಲು ಹೊಳೆದದ್ದು, ಇನ್ನು ಮೇಲೆ ಟ್ಯಾಂಕರು ನಿಲ್ಲುವ ಕಡೆ ಹೋಗಿ ಒಬ್ಬನೇ ಸೇದಬಹುದು, ಬೆಂಕಿಪೊಟ್ಟಣವೂ ಈಗ ನನ್ನ ಹತ್ತಿರವೇ ಇದೆ ಎಂಬುದು. ಆಮೇಲೆ ಅವನ ಮುಖ ನೋಡಿದೆ. ನನಗೆ ಭಯವಾಯಿತು. ಸೆಲ್ವರಾಜನಿಲ್ಲದ ರೈಲಿನಲ್ಲಿ ನಾನೊಬ್ಬನೇ ಕೂತು ಬರುವುದನ್ನು ನೆನೆಯಲೂ ಆಗಲಿಲ್ಲ. "ಸರಿ, ಇಬ್ರೂ ಬಿಡೋಣ. ನಾನು ಬಿಡ್ತಿದೀನಿ, ನನ್ ಜೊತೆಗೆ ನೀನೂ ಬಿಡ್ತಿದ್ಯಾ ಅಂತ ಎಲ್ರಿಗೂ ಹೇಳ್ತೀನಿ. ನಿನ್ ಎದೆ ಸುದ್ದಿ ಯಾರಿಗೂ ಗೊತ್ತಾಗಲ್ಲ" ಎಂದೆ. ಬಹಳ ಜಾಣತನದ ಉಪಾಯ ಎಂದುಕೊಂಡಿದ್ದೆ.

ಕೇಂದ್ರದಲ್ಲಿ ನಾನು ಈ ಸುದ್ದಿ ಹೇಳಿದಾಗ ಕ್ಯಾನು ತೊಳೆಯುವ ಮುನಿಯಮ್ಮ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟು, "ಯಾವಾಗ ಬಂತು ಸಾರ್ ನೋವು?" ಎಂದು ಕೇಳಿದಳು. ನೋವೇನೂ ಇಲ್ಲ, ಸುಮ್ಮನೆ ಬಿಡುತ್ತಿದ್ದೇನೆ ಎಂದೆ. "ಸುಮ್ಸುಮ್ನೆ ಯಾರಾನ ಬಿಡ್ತಾರಾ? ಮಾತಾಡ್ಬೇಡಿ ಬಿಡಿ, ಎದೆಗೆ ಆಯಾಸ ಆಯ್ತದೆ" ಎಂದು ಒಂದು ಸ್ಟೂಲು ತಂದು ಕೂರಿಸಿದಳು. ಮಧ್ಯಾಹ್ನದ ಹೊತ್ತಿಗೆ ನನಗೆ ಸಣ್ಣದಾಗಿ ಎದೆನೋವು ಬಂದಿತ್ತು ಎಂದಾಗಿತ್ತು. ಸಂಜೆ ರೈಲಿನಲ್ಲಿ ಅದು ದೊಡ್ಡದಾಗಿತ್ತು. ಯಾರೋ ಎದ್ದು ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಬೆಂಗಳೂರಿನಿಂದ ತುಂಬಿ ತುಳುಕಿ ಬರುವ ಆ ರೈಲಿನಲ್ಲಿ ಕಿಟಕಿ ಸೀಟು ಸಿಗಬೇಕಾದರೆ ಎದೆನೋವೇ ಬರಬೇಕು. ನಾನು ಬೇಡ ಬೇಡ ಎನ್ನುತ್ತಲೇ ಕೂತೆ. ಗಾಳಿ ಚೆನ್ನಾಗಿ ಬರುತ್ತಿತ್ತು.

ಮುಂದಿನ ಭಾನುವಾರ ಮನೆಗೆ ನೋಡಲು ಬಂದರು. ನಮ್ಮಲ್ಲಿ ರೋಗಿಯನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಬ್ರೆಡ್ಡು, ಮೋಸಂಬಿ, ಎಳನೀರು, ಮತ್ತೆ ಬ್ರೆಡ್ಡು. ಇವರೆಲ್ಲ ಯಾಕೆ ಬರುತ್ತಿದ್ದಾರೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದ ರತ್ನ, ಅವರು ಹೋದ ಮೇಲೆ ಅಡಿಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಊರಿಗೆಲ್ಲ ಏಳಿದ್ದೀರಿ, ನಂಗೊಬ್ಳಿಗೇ ಏಳಿಲ್ಲ" ಎಂದಳು. ಅವಳ ಅಳು ನೋಡಲಾರದೆ, ಕೊಟ್ಟ ಮಾತು ಮೀರಿ, ಸೆಲ್ವರಾಜನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವಳು ಪೂರ್ತಿ ಕೇಳಿ, "ಗಟ್ಟಿಮುಟ್ಟಾಗಿರೋರ ಮೇಲೆ ನಿಮ್ ಕಾಯಿಲೆ ಆಕ್ಬೇಡಿ, ಪಾಪ ಬತ್ತದೆ" ಎಂದಳು. ನನ್ನನ್ನು ಎಳೆದುಕೊಂಡು ಹೋಗಿ ರಾಬರ್ಟ್‌ಸನ್‌ಪೇಟೆಯಲ್ಲಿ ಎದೆಯ ಇಸಿಜಿ ಪಟ್ಟಿ ತೆಗೆಸಿದಳು. ಎಲ್ಲ ಸರಿಯಾಗಿದೆ ಎಂದು ಬಂತು. "ನೋಡಿದ್ರಾ, ಬಿಟ್ಟಿದ್ದಕ್ಕೆ ಎಷ್ಟ್ ಬೇಗ ಗುಣ ಕಾಣ್ತು" ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ನಾನು ನಿಜ ಹೇಳುವ ಪ್ರಯತ್ನ ಬಿಟ್ಟೆ.

ಸಿಗರೇಟು ಬಿಡುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಕಷ್ಟವನ್ನು ಸಮಾಧಾನವಾಗಿ ಪಡಲೂ ಬಿಡಲಿಲ್ಲ. ಟೀ ಕುಡಿದ ತಕ್ಷಣ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು; ಹೋದದ್ದೇ ತಡ ಮುನಿಯಮ್ಮ ಲೋಟದ ತುಂಬ ಮಜ್ಜಿಗೆ ಹಿಡಿದು ಎದುರಿಗೆ ನಿಂತಿರುತ್ತಿದ್ದಳು. ಹಾಲಿನ ಕೇಂದ್ರದಲ್ಲಿ ಮಜ್ಜಿಗೆಗೆ ಬರವಿಲ್ಲ. ಸಂಜೆ ಕೆಲಸ ಮುಗಿಸಿ ಹೊರಟಾಗ ಆಸೆ ಹೆಚ್ಚು ಎಂದು ಗೊತ್ತಾಗಿ, ಜೊತೆಯವರು ನನ್ನನ್ನೂ ಸೆಲ್ವರಾಜನನ್ನೂ ಪಾನಿಪುರಿ ಗಾಡಿಗೆ ಕರೆದೊಯ್ಯತೊಡಗಿದರು. ಬಂಗಾರಪೇಟೆಯ ಪಾನಿಪುರಿಯ ನೀರು ನೋಡಲು ಬಾವಿಯ ನೀರಿನಷ್ಟು ತಿಳಿ, ಬಾಯಿಗೆ ಹಾಕಿದರೆ ನೆತ್ತಿಗೆ ಏರುತ್ತದೆ. ಕಣ್ಣು ಮೂಗಿನಿಂದ ನೀರು ಸುರಿಯುವಾಗ ಸಿಗರೇಟಿನ ನೆನಪು ಬರುವುದಿಲ್ಲ ಎಂಬುದು ಅವರ ಲೆಕ್ಕ, ಅದು ತಪ್ಪಾಗಿರಲಿಲ್ಲ. ಒಂದು ದಿನ ತಡೆಯಲಾರದೆ, ಗುರುತಿಲ್ಲದ ಅಂಗಡಿಯೇ ಒಳ್ಳೆಯದೆಂದು ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಪೆಟ್ಟಿಗೆ ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸೆಲ್ವರಾಜಣ್ಣನ ಫ್ರೆಂಡ್ ಅಲ್ವಾ? ಕೊಡಲ್ಲ ಸಾರ್. ನಾಳೆ ಏನಾದ್ರೂ ಆದ್ರೆ ನಮ್ ತಲೆಗೆ ಬರುತ್ತೆ" ಎಂದು ಒಂದು ಕಡಲೆಮಿಠಾಯಿ ಕೊಟ್ಟು ಕಳಿಸಿದ. ಅಂತೂ ಬಲು ಮರ್ಯಾದೆಯಿಂದ ನನ್ನನ್ನು ಎಲ್ಲ ಕಡೆಯಿಂದಲೂ ಕಟ್ಟಿಹಾಕಿದ್ದರು.

ಇನ್ನು ಸೆಲ್ವರಾಜನ ಕತೆ. ನನ್ನ ಉಪಾಯದ ಪ್ರಕಾರ ಅವನು ನನಗೆ ಜೊತೆ ಕೊಡಲು ಬಿಟ್ಟವನು. ಇದನ್ನು ಕೇಳಿದವರು ಬೆರಗಾಗಿಬಿಟ್ಟರು. ಸ್ವಂತ ಎದೆಗಾಗಿ ಯಾರಾದರೂ ಬಿಡುತ್ತಾರೆ, ಗೆಳೆಯನ ಎದೆಗಾಗಿ ಬಿಡುವವರು ಎಲ್ಲಿದ್ದಾರೆ ಎಂದು ರೈಲಿನಲ್ಲಿ ಮಾತಾಯಿತು. ಮೊದಮೊದಲು ಅವನು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದ. ತಲೆ ತಗ್ಗಿಸಿದಷ್ಟೂ, ಎಷ್ಟು ವಿನಯದಿಂದ ನಡೆದುಕೊಳ್ಳುತ್ತಾನೆ ನೋಡಿ ಎಂದು ಮತ್ತೂ ಹೊಗಳಿದರು. ಸ್ವಲ್ಪ ದಿನದ ಮೇಲೆ ತಲೆ ತಗ್ಗಿಸುವುದು ನಿಂತಿತು. ಆಮೇಲೊಂದು ದಿನ ನಾನು ಪಕ್ಕದಲ್ಲೇ ಕೂತಿದ್ದಾಗ ಯಾರಿಗೋ, "ಇವ್ನಿಗೆ ಮನಸ್ಸು ಗಟ್ಟಿ ಇಲ್ಲ ಸಾರ್, ನಾನ್ ಬಿಡ್ದಿದ್ರೆ ಇವ್ನು ಬಿಡ್ತಿರ್ಲಿಲ್ಲ" ಎಂದು ಹೇಳಿದ. ನಾನು ಅವನ ಮುಖ ನೋಡಿದೆ. ಹಾಸ್ಯದ ಸುಳಿವು ಇರಲಿಲ್ಲ. ನನಗೆ ಸಿಟ್ಟು ಬಂತು, ಆದರೆ ರೋಗಿಗೆ ಸಿಟ್ಟು ಒಳ್ಳೆಯದಲ್ಲವೆಂದು ಎದುರಿಗಿದ್ದವರು ನೀರು ಕೊಟ್ಟರು.

ಈ ನಡುವೆ ನನ್ನ ಮೂಗು ವಾಪಸು ಬಂತು. ಹೊಗೆ ನಿಂತ ಕೆಲವು ವಾರಗಳಿಗೆ, ಎಷ್ಟೋ ವರ್ಷ ಮುಚ್ಚಿದ್ದ ಕೋಣೆಯ ಬಾಗಿಲು ತೆಗೆದ ಹಾಗೆ, ಎಲ್ಲ ವಾಸನೆಗಳೂ ಒಟ್ಟಿಗೆ ಬಂದವು. ಮನೆಯಲ್ಲಿ, ಸಾರಿಗೆ ಇಂಗು ಜಾಸ್ತಿಯಾಗಿದೆ ಎಂದೆ. ಮದುವೆಯಾದಾಗಿನಿಂದ ಅಷ್ಟೇ ಹಾಕುತ್ತಿದ್ದೇನೆ ಎಂದು ರತ್ನ ಬಾಣಲೆ ಕುಕ್ಕಿದಳು. ಕೇಂದ್ರದಲ್ಲಿ ಪರಿಸ್ಥಿತಿ ಇನ್ನೂ ಗಂಭೀರ. ಬೇಸಗೆಯ ಸೆಕೆಗೆ ತುಸು ಹುಳಿ ತಿರುಗುತ್ತಿದ್ದ ಹಾಲು ಹಿಂದೆ ನನ್ನ ಮೂಗಿನ ಕೆಳಗೇ ನಿರಾತಂಕವಾಗಿ ಹಾದುಹೋಗುತ್ತಿತ್ತೆಂದು ಈಗ ಗೊತ್ತಾಯಿತು. ಒಂದೊಂದೇ ಕ್ಯಾನು ವಾಪಸು ಕಳಿಸತೊಡಗಿದೆ. ಹಾಲು ಹಾಕುವ ಚೌಡಪ್ಪ ತನ್ನ ಕ್ಯಾನು ವಾಪಸಾದಾಗ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ಏಂ ಸಾಮಿ, ನೀವು ಬೀಡಿ ಸಿಗರೇಟು ಸೇದ್ತಾ ಇದ್ದಾಗ ಎಷ್ಟ್ ಒಳ್ಳೆ ಮನ್ಸರಾಗಿದ್ರಿ" ಎಂದು ನಿಟ್ಟುಸಿರು ಬಿಟ್ಟ. ಮಾರನೆಯ ದಿನದಿಂದ ಕರೆದ ಹಾಲಿನ ಕ್ಯಾನಿಗೆ ಒದ್ದೆ ಗೋಣಿ ಸುತ್ತಿ ಬೇಗ ತರತೊಡಗಿದ. ಆದರೂ ನನ್ನನ್ನು ಕಂಡಾಗಲೆಲ್ಲ ಅವನ ಕಣ್ಣಿನಲ್ಲಿ, ಈ ಮನುಷ್ಯ ಮತ್ತೆ ಹಚ್ಚಬಾರದೇ ಎಂಬ ಆಸೆ ಕಾಣುತ್ತಿತ್ತು. ನನ್ನ ಪಾಲಿಗೆ ಒಬ್ಬನಾದರೂ ಇದ್ದಾನಲ್ಲ ಎಂದು ಸಮಾಧಾನವಾಗುತ್ತಿತ್ತು.

ಆ ಮೂಗಿನಿಂದಲೇ ಒಂದು ದಿನ ದೊಡ್ಡ ಗಂಡಾಂತರ ಗೊತ್ತಾಯಿತು. ಕುಪ್ಪಂನವರು ಹುಡುಗಿ ನೋಡಿ ಹೋಗಿ ಬಹಳ ದಿನವಾದರೂ ಮಾತೇ ಆಡಿರಲಿಲ್ಲ. ಸೆಲ್ವರಾಜ ಎರಡು ದಿನದಿಂದ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನಾನು ಕ್ಯಾನೊಂದರ ಮುಚ್ಚಳ ತೆಗೆದು ಬಗ್ಗಿದ್ದೆ, ಹಾಲಿನ ವಾಸನೆಯ ನಡುವೆ ಬೀಡಿಯ ವಾಸನೆ ಬಂತು. ಹಾಲನ್ನು ಹಾಗೇ ಬಿಟ್ಟು ಯಂತ್ರದ ಕೋಣೆಯ ಹಿಂದಕ್ಕೆ ಹೋದೆ. ಗೋಡೆಗೆ ಒರಗಿ ಸೆಲ್ವರಾಜ ನಿಂತಿದ್ದ, ಕೈಯಲ್ಲಿ ಬೀಡಿ ಉರಿಯುತ್ತಿತ್ತು. ಯಾರೋ ಟ್ಯಾಂಕರಿನವನ ಹತ್ತಿರ ತೆಗೆದುಕೊಂಡಿದ್ದನಂತೆ. ಅವನಿಗೆ ಬುದ್ಧಿ ಹೇಳಬೇಕಿತ್ತು. ಆದರೆ ಆ ಹೊಗೆ ಮೂಗಿಗೆ ಬಿದ್ದ ಕೂಡಲೇ, ನನಗೂ ಒಂದು ದಮ್ಮು ಕೊಡು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನಾನು ಕೈ ಚಾಚಿ ಬೀಡಿ ತೆಗೆದುಕೊಂಡೆ. ಬಿಸಾಡಲು ತೆಗೆದುಕೊಂಡೆನೋ ಸೇದಲು ತೆಗೆದುಕೊಂಡೆನೋ ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಅದು ತೀರ್ಮಾನವಾಗುವ ಮೊದಲೇ ಮುನಿಯಮ್ಮ ಬಂದಳು.

ಅವಳು ಕಂಡದ್ದು ನನ್ನ ಕೈಯಲ್ಲಿ ಬೀಡಿ, ಎದುರಿಗೆ ಕಣ್ಣು ಕೆಂಪಾಗಿ ನಿಂತ ಸೆಲ್ವರಾಜ. "ಏನ್ ಸಾರ್ ಇದು?" ಎಂದಳು. ಬೀಡಿ ಅವನದೆಂದರೆ ಸಂಜೆಯೊಳಗೆ ಅವನ ಎದೆಯ ಕತೆಯೂ ಹೊರಬಿದ್ದು ರೈಲು ಹತ್ತುತ್ತದೆ, ಕುಪ್ಪಂವರೆಗೂ ಹೋಗುತ್ತದೆ. "ನಂದೇ ಮುನಿಯಮ್ಮ, ತಡ್ಕೊಳೋಕ್ಕಾಗ್ಲಿಲ್ಲ" ಎಂದೆ. ಅವಳು ಬೀಡಿ ಕಿತ್ತು ನೆಲಕ್ಕೆ ಹಾಕಿ ತುಳಿದಳು. "ಆ ಮನ್ಸ ನಿಮ್ಗೋಸ್ಕರ ಬಾಯಿ ಕಟ್ಕೊಂಡ್ ನಿಂತವ್ನೆ. ಅವ್ನ್ ಮುಕಾನಾದ್ರೂ ನೋಡ್ಬಾರ್ದಾ? ಮನೇಲಿ ಆಯಮ್ಮ ದೀಪ ಹಚ್ಕೊಂಡ್ ಕೂತವ್ಳೆ. ನಾಚ್ಕೆ ಆಗಲ್ವಾ ನಿಮ್ಗೆ?" ಎಂದು ಬೈದಳು. ಬೈಯುತ್ತಾ ಬೈಯುತ್ತಾ ಅವಳ ಕಣ್ಣಲ್ಲೂ ನೀರು ಬಂತು. ನನ್ನಂಥವನ ಎದೆಗಾಗಿ ಅವಳು ಅಷ್ಟು ಮರುಗಿದ್ದು ಕಂಡು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸೆಲ್ವರಾಜ ಬಾಯಿ ತೆಗೆಯಲು ನೋಡಿದ. ನಾನು ಕಣ್ಣಲ್ಲೇ ಬೇಡ ಎಂದೆ. ಅವಳು ಹೋದ ಮೇಲೆ ಅವನು ನನ್ನ ಭುಜದ ಮೇಲೆ ಕೈಯಿಟ್ಟು, "ಇನ್ ಮೇಲೆ ಮುಟ್ಟಲ್ಲ ಡಾ" ಎಂದ. ಅಲ್ಲಿಂದಾಚೆಗೆ ಮುಟ್ಟಲಿಲ್ಲ. ಅದು ನನಗೆ ಗೊತ್ತು. ನನ್ನ ಮೂಗಿಗಂತೂ ಚೆನ್ನಾಗಿ ಗೊತ್ತು.

ಕೊನೆಗೆ ಕುಪ್ಪಂನವರು ಒಪ್ಪಿದರು. ಅವರ ಮನೆಯಲ್ಲಿ ಯಾರೋ ಊರಿಗೆ ಹೋಗಿದ್ದರಿಂದ ತಡವಾಗಿತ್ತಂತೆ, ಬೇರೇನೂ ಇರಲಿಲ್ಲ. ನಿಶ್ಚಿತಾರ್ಥ ಊರಿಗಾಮಿನಲ್ಲಿ, ಸೆಲ್ವರಾಜನ ಮನೆಯ ಮುಂದೆ ಶಾಮಿಯಾನ ಹಾಕಿ ಆಯಿತು. ತಟ್ಟೆ ಬದಲಾಯಿಸಿಕೊಂಡ ಮೇಲೆ ಊಟದ ಪಂಕ್ತಿಯಲ್ಲಿ ಅವನು ಬೀಗರನ್ನು ಒಂದು ಪಕ್ಕ, ನನ್ನನ್ನು ಇನ್ನೊಂದು ಪಕ್ಕ ಕೂರಿಸಿಕೊಂಡು ಕತೆ ಶುರುಮಾಡಿದ. ತಮಿಳಿನಲ್ಲಿ ಹೇಳಿ, ತೆಲುಗಿನಲ್ಲಿ ವಿವರಿಸಿ, ನನಗೂ ಅರ್ಥವಾಗಲೆಂದೋ ಏನೋ ಕೊನೆಯ ಭಾಗ ಕನ್ನಡದಲ್ಲಿ ಹೇಳಿದ. "ಒಂದಿನ ಕಳ್ಳತನವಾಗಿ ಬೀಡಿ ಹಿಡ್ಕೊಂಡ್ ನಿಂತಿದ್ದ ಸಾರ್. ನಾನೇ ಕಿತ್ಕೊಂಡ್ ಬಿಸಾಕ್ದೆ" ಎಂದ. ನನ್ನ ಕೈಯಲ್ಲಿದ್ದ ಹೋಳಿಗೆ ಹಾಗೇ ನಿಂತಿತು. ಬೀಗರು ಎಲೆಯ ಮೇಲಿಂದ ಕೈಚಾಚಿ, ಇಂಥ ಗೆಳೆಯ ಸಿಗಲು ಪುಣ್ಯ ಮಾಡಿರಬೇಕು, ಇಂಥ ಮನುಷ್ಯನ ಮನೆಯ ಹುಡುಗಿ ನಮಗೆ ಸಿಕ್ಕಿದ್ದೇ ದೊಡ್ಡದು ಎಂದು ತೆಲುಗಿನಲ್ಲಿ ನನಗೆ ಹೇಳಿದರು. ಆಚೆ ಸಾಲಿನಲ್ಲಿ ಕೂತಿದ್ದ ರತ್ನ ಜೋರಾಗಿ ತಲೆಯಾಡಿಸಿದಳು. ನಾನು ಮಲರ್ ಕಡೆ ನೋಡಿದೆ. ಹೊಸ ಸೀರೆಯಲ್ಲಿ ಅಪ್ಪನನ್ನೇ ನೋಡುತ್ತಾ ನಗುತ್ತಿದ್ದಳು. ಇರಲಿ ಬಿಡು ಅನ್ನಿಸಿತು. ಹೋಳಿಗೆ ತಿಂದೆ, ತುಪ್ಪ ಚೆನ್ನಾಗಿತ್ತು, ವಾಸನೆಯಿಂದಲೇ ಗೊತ್ತಾಗುತ್ತಿತ್ತು.

ಮದುವೆಯೂ ಆಯಿತು. ಡಾಕ್ಟರು ಸೆಲ್ವರಾಜನ ಎದೆಗೆ ಮತ್ತೆ ಕೊಳವೆ ಇಟ್ಟು ಕೇಳಿ, ಇನ್ನು ಹೆದರಿಕೆಯಿಲ್ಲ ಎಂದು ಬೆನ್ನು ತಟ್ಟಿದ್ದಾರೆ. ಆ ಸುದ್ದಿಯನ್ನು ನನ್ನ ಕಿವಿಯಲ್ಲಿ ಹೇಳಿದ ದಿನ ಅವನ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. ಅಷ್ಟಾದ ಮೇಲೆ ಅವನಿಗೆ ನಿಜ ನೆನಪಾಗಿರಬೇಕೆಂದು ನಾನು ಅಂದುಕೊಂಡೆ. ಇಲ್ಲ. ಮೊನ್ನೆ ರೈಲಿನಲ್ಲಿ ನಾನು ಈ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದಾಗ, "ಏನ್ ಬರೀತಿದ್ಯಾ ಮಚ್ಚಾ?" ಎಂದು ಬಗ್ಗಿ ನೋಡಿದ. "ನೀನು ನನಗೋಸ್ಕರ ಸಿಗರೇಟು ಬಿಟ್ಟ ಕತೆ" ಎಂದೆ. ಶರ್ಟಿನ ಕಾಲರು ಸರಿಮಾಡಿಕೊಂಡು, "ನನ್ ಹೆಸ್ರು ಕರೆಕ್ಟಾಗಿ ಹಾಕು" ಎಂದ. ಹಾಕಿದ್ದೇನೆ.

ಬಂಗಾರಪೇಟೆಯಲ್ಲಿ ಇಳಿದು ಮೇಲ್ಸೇತುವೆ ಹತ್ತಿದೆವು. ಅವನು ಮೆಟ್ಟಿಲಿನ ನಡುವೆ ನಿಲ್ಲಲಿಲ್ಲ, ಗೂಡ್ಸ್ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ, ಒಂದೇ ಸಮನೆ ಹತ್ತಿ ಮೇಲೆ ನಿಂತು ನನಗಾಗಿ ಕಾದ. ಅದನ್ನು ನೋಡಿ ನನಗಾದ ಸಂತೋಷವನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. "ಮೆತ್ತಗೆ ಬಾ ಮಚ್ಚಾ, ನಿನ್ ಎದೆ ಜೋಪಾನ. ಬ್ಯಾಗ್ ಇಲ್ ಕೊಡು" ಎಂದು ಕೈಚಾಚಿದ. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟು ದಿನಗಳ ಮಜ್ಜಿಗೆ, ಪಾನಿಪುರಿ, ಹೋಳಿಗೆಗಳ ಭಾರಕ್ಕೆ ಮಾತು ಹೊರಡಲಿಲ್ಲ, ಉಸಿರು ಮಾತ್ರ ಹೊರಟಿತು. ಕಂಬಿ ಹಿಡಿದು ನಿಂತು, ದೂರದ ಹಳಿಗಳನ್ನು ಸ್ವಲ್ಪ ಹೊತ್ತು ನೋಡಿ, ಬ್ಯಾಗು ಅವನ ಕೈಗೆ ಕೊಟ್ಟೆ.